ಕರಿಮಣಿಯ ಹಿಂದಿನ ಕುಲುಮೆ

ನಮ್ಮಲ್ಲಿ ಹಿಂದೂ ಮದುಮಗಳ ಕೊರಳಿಗೆ ಕರಿಮಣಿ ಸರ ಬೀಳುತ್ತದೆ. ಹೈದರಾಬಾದ್ ಕಡೆಯ ಮುಸ್ಲಿಮ್ ವಧುವಿಗೆ ಕಪ್ಪು ಮಣಿಗಳದೇ ‘ಕಾಲಿ ಪೋತ್ ಕಾ ಲಚ್ಛಾ’. ಒಡವೆಗೆ ರೇಷ್ಮೆ ದಾರ, ಗೊಂಡೆ ಕಟ್ಟುವ ಪಟವೇಗಾರರು ಉತ್ತರ ಕರ್ನಾಟಕದ ಮುಸ್ಲಿಮರಲ್ಲೂ ಇದ್ದಾರೆ. ಮದುವೆ ಮನೆಯಲ್ಲಿ ಚಿನ್ನ ಎಷ್ಟು ತೊಲ ಎಂದು ಎಲ್ಲರೂ ಕೇಳುತ್ತಾರೆ. ಮಣಿ ಎಲ್ಲಿಯದು ಎಂದು ಕೇಳುವವರಿಲ್ಲ.

ಗಾಜಿನ ಮಣಿಯ ಕಸುಬು ದಕ್ಷಿಣ ಭಾರತದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಪುದುಚೇರಿ ಬಳಿಯ ಅರಿಕಮೇಡು ಅದರ ದೊಡ್ಡ ಕೇಂದ್ರವಾಗಿತ್ತು. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಸುದ್ದಿಯಾದದ್ದು ರೋಮಿನ ಮಡಕೆಗಳು. ಆ ನೆಲದಲ್ಲೇ ತಯಾರಾಗಿ ರಾಶಿ ರಾಶಿ ಉಳಿದಿದ್ದ ಮಣಿಗಳಿಗೆ ಅಷ್ಟು ಗೌರವ ಸಿಗಲಿಲ್ಲ. ಹೊರಗಿನಿಂದ ಬಂದದ್ದನ್ನೇ ಚರಿತ್ರೆಯೆಂದು ಎಣಿಸುವ ಚಾಳಿ ನಮ್ಮ ವಿದ್ವಾಂಸರನ್ನು ಬಹುಕಾಲ ಬಿಡಲಿಲ್ಲ.

ಆ ಮಣಿ ಮಾಡುವ ಬಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ತಿರುಪತಿ ಸಮೀಪದ ಪಾಪನಾಯುಡುಪೇಟೆಯ ಕುಲುಮೆಯಿಂದ. ಅಲ್ಲಿನ ಕೆಲಸವನ್ನು ಅಮೆರಿಕದ ಸಂಶೋಧಕ ಪೀಟರ್ ಫ್ರಾನ್ಸಿಸ್ ದಾಖಲಿಸಿದರು. ‘ಲಾಡ’ ಎಂಬ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜಿನ ದೊಡ್ಡ ಮುದ್ದೆಯನ್ನು ಸುತ್ತುತ್ತಾರೆ. ಕೊಳವೆಯೊಳಗಿಂದ ಸಲಾಕೆ ತೂರಿಸಿ ಮುದ್ದೆಗೆ ತೂತು ಮಾಡುತ್ತಾರೆ. ಮತ್ತೆ ಕುಲುಮೆಗಿಟ್ಟು, ತುದಿಯನ್ನು ಕೊಕ್ಕೆಯಿಂದ ಹಿಡಿದು, ಬೆಂಕಿಯ ಮುಂದೆ ಕುಳಿತ ಮೇಸ್ತ್ರಿ ಗಂಟೆಗಟ್ಟಲೆ ಒಂದೇ ಹದದಲ್ಲಿ ಎಳೆಯುತ್ತಾನೆ. ಕೈ ಅವಸರಪಟ್ಟರೆ ಎಳೆ ಸಣ್ಣದಾಗುತ್ತದೆ, ತಡೆದರೆ ದಪ್ಪವಾಗುತ್ತದೆ. ನಳಿಗೆಯಂತೆ ಬಂದ ಗಾಜನ್ನು ಚೂರು ಚೂರಾಗಿ ಕತ್ತರಿಸಿ, ತೂತು ಮುಚ್ಚದಂತೆ ಬೂದಿ ತುಂಬಿ, ಬಾಣಲೆಯಲ್ಲಿ ಕಾಯಿಸುತ್ತಾರೆ. ಆಗ ಚೂಪಾದ ಅಂಚುಗಳು ದುಂಡಗಾಗುತ್ತವೆ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಮಣಿಗೆ ಇಷ್ಟು ಶ್ರಮ!

ಹೀಗೆ ಎಳೆದು ಮಾಡಿದ ಮಣಿಗಳು ಪೂರ್ವದಲ್ಲಿ ಕೊರಿಯಾ, ಜಪಾನ್‌ವರೆಗೆ, ಪಶ್ಚಿಮದಲ್ಲಿ ಆಫ್ರಿಕದವರೆಗೆ ಸಿಕ್ಕಿವೆ. ಅವಕ್ಕೆ ‘ಇಂಡೋ-ಪೆಸಿಫಿಕ್ ಮಣಿ’ ಎಂದು ಹೆಸರಿಟ್ಟವರೂ ಫ್ರಾನ್ಸಿಸರೇ. ದಕ್ಷಿಣ ಆಫ್ರಿಕದ ಮಾಪುಂಗುಬ್ವೆಯಲ್ಲಿ 13ನೆಯ ಶತಮಾನದ ಅರಸು ಮನೆತನದ ಗೋರಿಗಳಲ್ಲಿ ಸಾವಿರಾರು ಗಾಜಿನ ಮಣಿಗಳಿದ್ದವು. ಆ ಪ್ರದೇಶದ ಮಣಿಗಳ ರಾಸಾಯನಿಕ ಪರೀಕ್ಷೆ ಒಂದು ಕುತೂಹಲದ ಸಂಗತಿ ತಿಳಿಸಿತು. ಮೊದಲು ಬಂದ ಮಣಿಗಳ ಗಾಜು ಇರಾನ್-ಇರಾಕ್ ಕಡೆಯದು, ಹತ್ತನೆಯ ಶತಮಾನದಿಂದೀಚೆಗಿನ ಹೆಚ್ಚಿನವು ದಕ್ಷಿಣ ಏಷ್ಯದವು. ಮಾನ್ಸೂನ್ ಗಾಳಿ ಹಿಡಿದು ಬರುತ್ತಿದ್ದ ಅರಬ್ ಮತ್ತು ಸ್ವಾಹಿಲಿ ವರ್ತಕರು ಮಣಿ ಕೊಟ್ಟು ಚಿನ್ನ, ದಂತ ಪಡೆಯುತ್ತಿದ್ದರು. ಮಾಪುಂಗುಬ್ವೆ ಎಂದರೆ ಇಂದಿಗೂ ನೆನಪಾಗುವುದು ಅಲ್ಲಿ ಸಿಕ್ಕ ಚಿನ್ನದ ಘೇಂಡಾಮೃಗ. ಅಲ್ಲೂ ಮಣಿ ಹಿಂದೆ ಬಿತ್ತು.

19ನೆಯ ಶತಮಾನದಲ್ಲಿ ವೆನಿಸ್, ಬೊಹೀಮಿಯಾಗಳ ಅಗ್ಗದ ಮಣಿಗಳು ಹಡಗುಗಟ್ಟಲೆ ಭಾರತಕ್ಕೆ ಬಂದವು. ಒಂದೇ ಅಳತೆ, ಒಂದೇ ಹೊಳಪು. ಕೈಯಿಂದ ಎಳೆದ ಮಣಿಯಲ್ಲಿ ಒಂದು ತುಸು ದಪ್ಪ, ಇನ್ನೊಂದು ತುಸು ಓರೆ. ಪೇಟೆಯಲ್ಲಿ ಅದನ್ನೇ ದೋಷವೆಂದು ಎಣಿಸಲಾಯಿತು. ಈಗ ಅದೇ ಓರೆಕೋರೆಯನ್ನು ‘ಕೈಕೆಲಸ’ ಎಂದು ಮೆಚ್ಚಿ ಹೆಚ್ಚು ಬೆಲೆಗೆ ಮಾರುವ ಅಂಗಡಿಗಳಿವೆ. ಆ ಹೆಚ್ಚಿನ ಬೆಲೆಯಲ್ಲಿ ಕುಲುಮೆಯ ಮುಂದೆ ಕುಳಿತವನ ಪಾಲೆಷ್ಟು ಎಂಬುದು ಚೀಟಿಯಲ್ಲಿ ಬರೆದಿರುವುದಿಲ್ಲ.