ಬಾರುಕೋಲು ತಡೆದವರ ಕಥೆ

ಹೋದ ಬೇಸಿಗೆಯಲ್ಲಿ ನಾವು ಮೂವರು ಮೈಸೂರು-ನಂಜನಗೂಡು ಹೆದ್ದಾರಿಯಲ್ಲಿ ಒಂದು ಜಗಳ ಮಾಡಿಕೊಂಡೆವು. ಚಿಕ್ಕಯ್ಯನಛತ್ರ ಹೋಬಳಿಯ ಒಳಗೇ ಬರುವ ಜಾಗ. ಮಧ್ಯಾಹ್ನ ಒಂದೂವರೆ ಇರಬಹುದು, ಟಾರು ಕಾದು ಚಪ್ಪಲಿಗೆ ಅಂಟುತ್ತಿತ್ತು. ಇಟ್ಟಿಗೆ ತುಂಬಿದ ಎತ್ತಿನ ಗಾಡಿಯೊಂದು ರಸ್ತೆ ಪಕ್ಕದ ಏರಿನಲ್ಲಿ ನಿಂತುಬಿಟ್ಟಿತ್ತು. ಎಡಗಡೆ ಎತ್ತು ಮುಂಗಾಲು ಮಡಚಿ ಕೂತಿದೆ, ಬಾಯಲ್ಲಿ ನೊರೆ. ಗಾಡಿಯವರು ಅದರ ಬಾಲ ತಿರುಚುತ್ತಿದ್ದಾರೆ. ಬಾರುಕೋಲಿನ ತುದಿಯಲ್ಲಿ ಮೊಳೆ. ಹಿಂದೆ ಬಸ್ಸು, ಲಾರಿ, ಕಾರುಗಳ ಹಾರನ್ನು.

ನಮ್ಮಲ್ಲೊಬ್ಬ ಬೈಕು ನಿಲ್ಲಿಸಿ ಓಡಿದ. "ಏನಣ್ಣ, ಹಿಂಗ್ ಬಡಿತೀಯಲ್ಲ, ಬಾಯಿಲ್ಲದ ಜೀವ ಕಣಣ್ಣ" ಅಂದ.

"ಹಂಗಾದ್ರೆ ನೀವೇ ನೊಗಕ್ಕೆ ಕತ್ತು ಕೊಡಿ ಕನ್ರಪ್ಪ. ಹೊತ್ತಿಗೆ ಸರಿಯಾಗಿ ಇಳಿಸ್ದೆ ಹೋದ್ರೆ ಬಾಡಿಗೆ ನೀವ್ ಕೊಟ್ಟೀರಾ?" ಅಂದರು ಅವರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಇಟ್ಟಿಗೆ ಇಳಿಸಿ, ಎತ್ತಿಗೆ ನೀರು ಕುಡಿಸಿ, ಚಕ್ರಕ್ಕೆ ಹೆಗಲು ಕೊಟ್ಟು ತಳ್ಳಿದೆವು. ಅವರು ನಮ್ಮ ಕಡೆ ತಿರುಗಿಯೂ ನೋಡದೆ ಹೋದರು. ಆ ಪ್ರಶ್ನೆ ಮಾತ್ರ ನಮ್ಮ ಜೊತೆಗೇ ಬಂತು. ದಾರಿಯಲ್ಲಿ ಹೋಗುವವರು ಗಾಡಿಯವನ ಕೈ ಹಿಡಿದು ತಡೆಯುವುದು ಯಾವಾಗ ಶುರುವಾಯಿತು, ತಡೆದವರಿಗೆ ಏನು ಉತ್ತರ ಸಿಕ್ಕಿತು ಅಂತ ಹುಡುಕುತ್ತಾ ಹೋದೆವು.

ಮೊದಲ ದೊಡ್ಡ ಹೆಸರು ಸಿಗುವುದು ಇಂಗ್ಲೆಂಡಿನಲ್ಲಿ. ರಿಚರ್ಡ್ ಮಾರ್ಟಿನ್ ಐರ್ಲೆಂಡಿನ ಗಾಲ್ವೆಯಿಂದ ಪಾರ್ಲಿಮೆಂಟಿಗೆ ಹೋದವರು. 1822ರಲ್ಲಿ ದನ, ಕುದುರೆ, ಕತ್ತೆ, ಕುರಿಗಳನ್ನು ಹಿಂಸಿಸುವುದು ಅಪರಾಧ ಅಂತ ಕಾನೂನು ಮಾಡಿಸಿದರು. ಮಾಡಿಸಿ ಸುಮ್ಮನೆ ಕೂರಲಿಲ್ಲ, ಲಂಡನ್ನಿನ ಬೀದಿಗೆ ತಾವೇ ಇಳಿದರು. ಕತ್ತೆಗೆ ಬಡಿಯುತ್ತಿದ್ದ ಒಬ್ಬ ತರಕಾರಿ ವ್ಯಾಪಾರಿಯನ್ನು ಕೋರ್ಟಿಗೆ ಎಳೆದಾಗ, ಗಾಯ ತೋರಿಸಲು ಕತ್ತೆಯನ್ನೇ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದರಂತೆ. ಪತ್ರಿಕೆಗಳು ನಕ್ಕವು, ಅದರ ಮೇಲೆ ಚಿತ್ರ ಬರೆದರು, ಹಾಡು ಕಟ್ಟಿದರು. ನಮಗೆ ಹಿಡಿಸಿದ್ದು ಇನ್ನೊಂದು ಸಂಗತಿ. ದಂಡ ಕಟ್ಟಲು ಕೈಲಾಗದ ಬಡವರಿದ್ದರೆ, ಕೇಸು ಹಾಕಿದ ಮಾರ್ಟಿನ್ ಅವರೇ ಎಷ್ಟೋ ಸಲ ಆ ಹಣ ಕೊಟ್ಟರು. "ಬಾಡಿಗೆ ನೀವು ಕೊಟ್ಟೀರಾ" ಅನ್ನುವ ಪ್ರಶ್ನೆ ಅವರಿಗೂ ಬಂದಿರಬೇಕು!

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು ಕಲ್ಕತ್ತಾದಲ್ಲಿ. ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ 1861ರಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದರು. 1890ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ದೇಶಕ್ಕೆ ಕಾನೂನು ಮಾಡಿತು. ಬೀದಿಯಲ್ಲಿ, ಜನ ಓಡಾಡುವ ಜಾಗದಲ್ಲಿ ಪ್ರಾಣಿಯನ್ನು ಕ್ರೂರವಾಗಿ ಹೊಡೆದರೆ, ಮಿತಿಮೀರಿ ದುಡಿಸಿದರೆ, ಹೆಚ್ಚು ಭಾರ ಹೇರಿದರೆ 100 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು. "ಬೀದಿಯಲ್ಲಿ" ಅನ್ನುವ ಮಾತು ಗಮನಿಸಿ. ನೋಡುವವರ ಕಣ್ಣಿಗೆ ಬಿದ್ದರೆ ಅಪರಾಧ. ಮೈಸೂರು ಒಡೆಯರ ಸಂಸ್ಥಾನವಾಗಿದ್ದರಿಂದ ಈ ಕಾನೂನು ನಮ್ಮ ನಂಜನಗೂಡು, ತಿ. ನರಸೀಪುರದ ರಸ್ತೆಗಳಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ.

ಹಾಗಂತ ನಮ್ಮ ಕಡೆ ಕಟ್ಟುಪಾಡೇ ಇರಲಿಲ್ಲ ಅಂತಲ್ಲ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡಬಾರದು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರು. ವಾರಕ್ಕೊಂದು ದಿನ ರಜಾ! ಎಷ್ಟೋ ಮನೆಗಳಲ್ಲಿ ಮನುಷ್ಯರಿಗೇ ಆ ಭಾಗ್ಯ ಇರಲಿಲ್ಲ. ಛತ್ರ ಅನ್ನುವ ಪದವನ್ನೇ ನೋಡಿ. ದಾರಿಹೋಕರು ಇಳಿದುಕೊಳ್ಳುವ ಜಾಗ. ಗಾಡಿ ಬಿಚ್ಚಿ, ಎತ್ತಿಗೆ ನೀರು ಮೇವು ತೋರಿಸಿ, ತಾವೂ ಉಂಡು ಮಲಗಿ, ತಂಪು ಹೊತ್ತಿಗೆ ಹೊರಡುತ್ತಿದ್ದ ಕಾಲದ ಹೆಸರು ನಮ್ಮ ಹೋಬಳಿಗೆ ಉಳಿದಿದೆ. 1891ರಲ್ಲಿ ಮೈಸೂರಿಂದ ನಂಜನಗೂಡಿಗೆ ರೈಲು ಬಂತು, ಆಮೇಲೆ ಬಸ್ಸು, ಲಾರಿ. ದಾರಿಯಲ್ಲಿ ತಂಗುವ ಪದ್ಧತಿ ಹೋಯಿತು. ಎತ್ತು ಮಾತ್ರ ಅದೇ ಎತ್ತು. ಲಾರಿಯವನ ಹೊತ್ತಿಗೆ ಅದೂ ಓಡಬೇಕಾಯಿತು.

ಹಳೆಯದನ್ನು ಹೊಗಳಿ ಸುಮ್ಮನಾಗಲೂ ಆಗುವುದಿಲ್ಲ. ಬಾರುಕೋಲಿನ ಮೊಳೆ ಇವತ್ತು ಹುಟ್ಟಿದ್ದಲ್ಲ. ಗಾಂಧೀಜಿ 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಾಗ ಅಲ್ಲೇ ನಡೆದ ಗೋರಕ್ಷಣಾ ಸಮ್ಮೇಳನಕ್ಕೂ ಅಧ್ಯಕ್ಷರಾಗಿದ್ದರು. ಗೋವಿಗೆ ಕೈ ಮುಗಿಯುವ ನಾವೇ ಎತ್ತನ್ನು ಚುಚ್ಚಿ, ಉಪವಾಸ ಕೆಡವಿ, ಮಿತಿಮೀರಿ ಹೇರುತ್ತೇವೆ ಅನ್ನುವುದು ಅವರು ಮತ್ತೆ ಮತ್ತೆ ಎತ್ತಿದ ಮಾತು. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟ, ಬೆಂಗಳೂರುಗಳಲ್ಲಿ ಉಳಿದಿದ್ದಾಗ ಬೆಂಗಳೂರಿನ ಡೈರಿ ಸಂಸ್ಥೆಗೆ ಹೋಗಿ ದನ ಸಾಕುವುದನ್ನು ಕಲಿತರು. ಆಗ ಅವರಿಗೆ 57 ವರ್ಷ.

ಈಗ ಕಲ್ಕತ್ತಾಕ್ಕೆ ವಾಪಸ್ಸು. ಈ ಕಥೆಯಲ್ಲಿ ನಮ್ಮ ನಿದ್ದೆ ಕೆಡಿಸಿದ ಭಾಗ ಇದು.

ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಭಾರದ ಗಾಡಿ ಎಳೆಸಬಾರದು ಅಂತ ಅಲ್ಲಿ ನಿಯಮ ಬಂತು. ನಿಯಮದ ಹಿಂದೆ ಇದ್ದದ್ದು ಕರುಣೆಯೇ. ಬಾಯಾರಿ ಬೀಳುವ ಕೋಣಗಳನ್ನು ನೋಡಿ ಮಾಡಿದ್ದು. ಆದರೆ ಗಾಡಿಯವರಿಗೆ ಅದು ದಿನಕ್ಕೆ ಮೂರು ಗಂಟೆಯ ಕೂಲಿ. ಸರಕಿನ ಸಾಹುಕಾರ ಆ ಮೂರು ಗಂಟೆಗೆ ಹಣ ಕೊಡುವುದಿಲ್ಲ, ಕೋಣದ ಮೇವಿನ ಖರ್ಚೂ ಕಡಿಮೆಯಾಗುವುದಿಲ್ಲ. 1930ರ ಏಪ್ರಿಲ್ 1ರಂದು ಗಾಡಿಯವರು ಮುಷ್ಕರ ಹೂಡಿ, ಗಾಡಿಗಳನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದರು. ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಮೂಕಪ್ರಾಣಿಯ ನೋವಿಗೆ ಮರುಗಿ ಮಾಡಿದ ನಿಯಮಕ್ಕೆ ಬಡವರ ಹೆಣ ಬಿತ್ತು. ತಪ್ಪು ಕರುಣೆಯದ್ದಲ್ಲ ಅಂತ ನಮಗೆ ಅನ್ನಿಸುತ್ತದೆ. ಆ ಕರುಣೆಯ ಬಿಲ್ಲನ್ನು ಸಾಹುಕಾರನ ಬದಲು ಗಾಡಿಯವನ ಕೈಗೆ ಕೊಟ್ಟರು, ಅಲ್ಲಿ ಎಡವಿದರು.

ಸ್ವಾತಂತ್ರ್ಯ ಬಂದ ಮೇಲೆ ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಗೆ ನಾಮಕರಣಗೊಂಡರು. ಪ್ರಾಣಿಹಿಂಸೆ ತಡೆಯಲು ತಾವೇ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಹಾಗೆ ಬಂದದ್ದು 1960ರ ಕಾಯ್ದೆ. ಇವತ್ತಿಗೂ ಅದೇ ಜಾರಿಯಲ್ಲಿದೆ. ಅದರಡಿ 1965ರಲ್ಲಿ ಎಳೆಯುವ, ಹೊರುವ ಪ್ರಾಣಿಗಳಿಗೆ ನಿಯಮ ಬಂತು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಐದು ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಹೌದು, ಕಲ್ಕತ್ತಾದಲ್ಲಿ ರಕ್ತ ಹರಿಸಿದ ಅದೇ ಮೂರು ಗಂಟೆ! ಮೊಳೆಯಿರುವ ಕೋಲು ಬಳಸುವಂತಿಲ್ಲ. ಎತ್ತಿನ ಗಾತ್ರ, ಚಕ್ರದ ಬಗೆ ನೋಡಿ ಭಾರಕ್ಕೆ ಮಿತಿಯಿದೆ, ಕಡಿದಾದ ಏರಿದ್ದರೆ ಇನ್ನೂ ಕಡಿಮೆ. ಅನುಮಾನ ಬಂದರೆ ಪೊಲೀಸರು ಗಾಡಿಯನ್ನು ತೂಕದ ಕಟ್ಟೆಗೆ ಒಯ್ಯಬಹುದು.

ದಂಡ ಎಷ್ಟು ಗೊತ್ತಾ? 1960ರ ಕಾಯ್ದೆಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 10ರಿಂದ 50 ರೂಪಾಯಿ. 1890ರಲ್ಲಿ ಬ್ರಿಟಿಷರು ಇಟ್ಟಿದ್ದಕ್ಕಿಂತಲೂ ಕಡಿಮೆ. ಆಗಿನ 100 ರೂಪಾಯಿ ಬಡವನ ಮನೆ ಮುಳುಗಿಸುತ್ತಿತ್ತು, ಈಗಿನ 50 ರೂಪಾಯಿಗೆ ಎರಡು ಪ್ಲೇಟು ಇಡ್ಲಿ ಬಂದರೆ ಹೆಚ್ಚು.

ದಂಡ, ಜೈಲು ಬಿಟ್ಟು ಬೇರೆ ದಾರಿ ಹುಡುಕಿದ ಒಬ್ಬರು ನಮ್ಮ ರಾಜ್ಯದಲ್ಲೇ ಇದ್ದರು. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ. ದೊಡ್ಡ ಕಂಪನಿಗಳ ಮ್ಯಾನೇಜರುಗಳನ್ನು ತಯಾರು ಮಾಡಬೇಕಾದವರು ಎತ್ತಿನ ಗಾಡಿಯ ಹಿಂದೆ ಬಿದ್ದರು. ಕಬ್ಬಿಣದ ಪಟ್ಟಿಯ ಮರದ ಚಕ್ರ, ಸವೆದ ಅಚ್ಚು, ಹೆಗಲು ಹುಣ್ಣು ಮಾಡುವ ಒರಟು ನೊಗ ಇವೆಲ್ಲ ಎತ್ತಿನ ಶಕ್ತಿಯನ್ನು ತಿಂದುಹಾಕುತ್ತವೆ, ಗಾಡಿ ಸುಧಾರಿಸಿದರೆ ಪ್ರಾಣಿಯ ನೋವೂ ಇಳಿಯುತ್ತದೆ, ರೈತನ ಕೈಗೆ ನಾಲ್ಕು ಕಾಸೂ ಹೆಚ್ಚು ಬರುತ್ತದೆ ಅನ್ನುವುದು ಅವರ ವಾದ. ಟೈರ್ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಸರ್ಕಾರದ ದುಡ್ಡು ಟ್ರ್ಯಾಕ್ಟರಿನ ಕಡೆ ಹೋದಷ್ಟು ನೊಗದ ಕಡೆ ಹೋಗಲಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಈಗ ಹೆದ್ದಾರಿಯಲ್ಲಿ ದನದ ವಾಹನ ತಡೆಯುವುದು ಅಂದರೆ ಬೇರೆಯೇ ಅರ್ಥ ಬಂದುಬಿಟ್ಟಿದೆ. ಗುಂಪು ಕಟ್ಟಿ, ಚಾಲಕನ ಹೆಸರು ಕೇಳಿ, ಹೊಡೆಯುವುದು. 2018ರ ಜುಲೈ 17ರಂದು ಸುಪ್ರೀಂ ಕೋರ್ಟು ಇಂಥ ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ಅಧಿಕಾರಿ ಇರಬೇಕು ಅಂತ ಹೇಳಬೇಕಾಯಿತು. ಕತ್ತೆಯನ್ನು ಕೋರ್ಟಿಗೆ ಕರೆತಂದ ಮಾರ್ಟಿನ್ ಅವರಿಗೂ ಇವರಿಗೂ ಯಾವ ನಂಟೂ ಇಲ್ಲ. ಕಣ್ಣಿಗೆ ಬಿದ್ದರೆ ಗಾಡಿ ನಂಬರು ಬರೆದುಕೊಂಡು 112ಕ್ಕೆ ಫೋನು ಮಾಡಿ. ಎತ್ತು ಬಿದ್ದಿದ್ದರೆ ಪಶು ಆಂಬುಲೆನ್ಸಿಗೆ 1962.

ಅವತ್ತು ನಮಗೆ ಈ ಎರಡು ನಂಬರೂ ನೆನಪಾಗಲಿಲ್ಲ. ನೆನಪಾಗಿದ್ದರೂ ಫೋನು ಮಾಡುತ್ತಿದ್ದೆವಾ ಅಂತ ನಮ್ಮಲ್ಲೇ ವಾದ ಇದೆ. ಒಬ್ಬಳು ಮಾಡಲೇಬೇಕಿತ್ತು ಅನ್ನುತ್ತಾಳೆ. ಇನ್ನಿಬ್ಬರು ಆ ಮನುಷ್ಯನ ಮುಖ ನೆನೆದು ಸುಮ್ಮನಾಗುತ್ತೇವೆ.

ಸುತ್ತೂರು ಜಾತ್ರೆಯ ದನಗಳ ಸಾಲಿನಲ್ಲಿ ಆ ಗಾಡಿಯವರು ಮತ್ತೆ ಸಿಕ್ಕರು. ಅವರೇ ಗುರುತು ಹಿಡಿದು, "ಇಟ್ಟಿಗೆ ಇಳಿಸ್ದವರಲ್ವಾ" ಅಂತ ನಕ್ಕು ಟೀ ಕೊಡಿಸಿದರು. ಎತ್ತು ಹೇಗಿವೆ ಅಂತ ಕೇಳಿದೆವು. "ಎಡದ್ದು ಮಾರ್ಬುಟ್ಟೆ ಕನ್ರಪ್ಪ, ಅದ್ಕೆ ಆಯ್ತಿರ್ಲಿಲ್ಲ" ಅಂದರು. ಯಾರಿಗೆ ಅನ್ನುವ ಮಾತು ನಮ್ಮ ನಾಲಗೆ ತುದಿಗೆ ಬಂದಿತ್ತು. ಕೇಳಲಿಲ್ಲ.