ಎದೆಯೊಳಗಿಂದ ಬಂದ ಪದ



ಕಾರಿಮಂಗಲದ ಕಡೆ ನಮ್ಮ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ‘ಕರೇಜ್’ ಎಂಬ ಪದ ಬಂದರೆ ‘ಧೈರ್ಯ’ ಎಂದು ಅರ್ಥ ಬರೆದುಕೊಳ್ಳುತ್ತಾರೆ. ತಮಿಳಿನಲ್ಲಿಯೂ ‘ತೈರಿಯಂ’. ಅಲ್ಲಿಗೆ ಪಾಠ ಮುಗಿಯುತ್ತದೆ. ಪದದ ಕಥೆ ಮುಗಿಯುವುದಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಕೋರ್’ ಎಂದರೆ ಹೃದಯ. ಅದರಿಂದ ಹಳೆಯ ಫ್ರೆಂಚಿನ ‘ಕೊರಾಜ್’ ಹುಟ್ಟಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ಹರಿದು ಬಂದ ಫ್ರೆಂಚ್ ಪದಗಳಲ್ಲಿ ಇದೂ ಒಂದು. ಮೊದಮೊದಲು ಆಸೆ, ಹುರುಪು, ಹೀಗೆ ಎದೆಯಲ್ಲಿ ಏಳುವುದಕ್ಕೆಲ್ಲ ಇದೇ ಹೆಸರು. 14ನೇ ಶತಮಾನದ ಕವಿ ಚಾಸರ್ ವಸಂತದ ಹಕ್ಕಿಗಳ ಎದೆಯ ತುಡಿತಕ್ಕೂ ಈ ಪದವನ್ನೇ ಬಳಸಿದ್ದಾನೆ. ಬರಬರುತ್ತಾ ಉಳಿದ ಅರ್ಥಗಳು ಉದುರಿ, ಧೈರ್ಯವೊಂದೇ ನಿಂತಿತು.

‘ಪ್ಲಕ್’ ಎಂಬ ಇನ್ನೊಂದು ಪದವಿದೆ. ಕುರಿ ಕೊಯ್ದವನು ಒಡಲಿನಿಂದ ಕಿತ್ತು ತೆಗೆಯುವ ಗುಂಡಿಗೆ, ಈಲಿ ಮೊದಲಾದವುಗಳ ಹೆಸರದು. 18ನೇ ಶತಮಾನದಲ್ಲಿ ಅದಕ್ಕೂ ಧೈರ್ಯವೆಂಬ ಅರ್ಥ ಬಂತು. ನಾವೂ ‘ಅವನಿಗೆ ಗುಂಡಿಗೆ ಇದೆ’ ಎನ್ನುವುದಿಲ್ಲವೇ?

1792ರಲ್ಲಿ ಟಿಪ್ಪು ಬಾರಾಮಹಲನ್ನು ಬಿಟ್ಟುಕೊಟ್ಟ ಮೇಲೆ ಈ ಸೀಮೆಗೆ ಕಂಪನಿಯ ಆಡಳಿತ ಬಂತು. ಅದರ ಹಿಂದೆಯೇ ಇಂಗ್ಲಿಷೂ ಬಂತು. ಅದಕ್ಕೆ ಮುಂಚೆ ನಮಗೆ ಪದಗಳ ಬಡತನವಿತ್ತೇ? ಕನ್ನಡದಲ್ಲಿ ಎದೆಗಾರಿಕೆ, ತಮಿಳಿನಲ್ಲಿ ನೆಂಜುರಂ: ಎರಡೂ ಎದೆಯ ಮಾತೇ. ಇನ್ನು ‘ಕೆಚ್ಚು’ ನೋಡಿ. ಮರದ ನಡುವಿನ ಗಟ್ಟಿ ತಿರುಳಿಗೆ ಆ ಹೆಸರು. ತಮಿಳರು ಅದನ್ನು ‘ವೈರಂ’ ಎನ್ನುತ್ತಾರೆ. ಹಳೆಯ ಹುಣಸೆ ಮರ ಕಡಿದವನಿಗೆ ಗೊತ್ತು, ಕೊಡಲಿ ಪುಟಿಯುವುದು ಅಲ್ಲಿಯೇ. ಅಂಥ ತಿರುಳುಳ್ಳ ಎದೆ ‘ಕೆಚ್ಚೆದೆ’.

ಧರ್ಮಪುರಿ ಸೀಮೆಯಲ್ಲಿ ಪಲ್ಲವರ ಕಾಲದಿಂದಲೂ ನಿಂತಿರುವ ನಡುಗಲ್ಲುಗಳಿವೆ. ನಾವು ವೀರಗಲ್ಲು ಎನ್ನುತ್ತೇವೆ. ದನ ಹೊಡೆದುಕೊಂಡು ಹೋದವರನ್ನು ತಡೆದು ಸತ್ತವರ ನೆನಪಿಗೆ ನೆಟ್ಟವು ಹಲವು. ಆ ದನಕ್ಕೆ ತಮಿಳು ಕಲ್ಲಿನಲ್ಲಿ ‘ತೊಱು’, ಕನ್ನಡ ಕಲ್ಲಿನಲ್ಲಿ ‘ತುಱು’. ಪದ ಒಂದೇ, ನಾಲಗೆ ಎರಡು. ಬಹುಪಾಲು ಕಲ್ಲುಗಳಲ್ಲಿ ಉದ್ದನೆಯ ಹೊಗಳಿಕೆ ಇಲ್ಲ. ಇಂಥವನು ದನ ಬಿಡಿಸಿ ಸತ್ತ ಎಂದಷ್ಟೇ ಇದೆ. ಧೈರ್ಯಕ್ಕೆ ಇದಕ್ಕಿಂತ ನೇರವಾದ ಅರ್ಥ ಯಾವ ನಿಘಂಟಿನಲ್ಲಿದೆ?

ಶಾಲೆಯಲ್ಲಿ ತಮಿಳು, ಇಂಗ್ಲಿಷು, ಮನೆಯಲ್ಲಿ ಮಾತ್ರ ಕನ್ನಡ ಎನ್ನುವ ನಮ್ಮ ಊರುಗಳಲ್ಲಿ ‘ಕೆಚ್ಚು’ ಎಂಬ ಪದ ಅಜ್ಜಿಯರೊಂದಿಗೇ ಹೊರಟುಹೋಗಬಾರದು. ಮಕ್ಕಳು ‘ಕರೇಜ್’ ಎಂದು ಬರೆಯಲಿ. ಅದರ ಪಕ್ಕದಲ್ಲಿ ನಮ್ಮ ಪದವನ್ನೂ ಬರೆಸಿ. ಎರಡರ ಬೇರೂ ಒಳಗಿನ ತಿರುಳಿನಲ್ಲೇ ಇದೆ.