ಕಾಗದದ ಚಿತ್ರ ಮಣ್ಣಿಗೆ ಇಳಿದ ಕಥೆ

ಪಾಲಿಮರ್ ಕ್ಲೇಯಲ್ಲಿ ಕಿವಿಯೋಲೆ, ಕೀಚೈನ್ ಮಾಡುವವರು ಅದರ ಮೇಲೆ ಚಿತ್ರ ಬರೆಯಬೇಕಾಗಿಲ್ಲ. ಜೆರಾಕ್ಸ್ ಪ್ರತಿಯನ್ನು ಮೆತ್ತಗಿರುವ ಕ್ಲೇ ಮೇಲೆ ಬೋರಲಾಗಿ ಇಟ್ಟು, ಚೆನ್ನಾಗಿ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಕಾಗದ ತೆಗೆದರೆ ಚಿತ್ರ ಕ್ಲೇಯಲ್ಲೇ ಉಳಿಯುತ್ತದೆ. ಹೊಸದಾಗಿ ಕಾಣುವ ಈ ಕೆಲಸಕ್ಕೆ ಸುಮಾರು 270 ವರ್ಷಗಳ ಇತಿಹಾಸವಿದೆ. ಅದರಲ್ಲಿ ಕುಂಚ ನಂಬಿ ಬದುಕುತ್ತಿದ್ದವರ ಅನ್ನದ ಪ್ರಶ್ನೆಯೂ ಸೇರಿದೆ.

ಆರು ಗಂಟೆ, 1,200 ಟೈಲ್ಸ್

18ನೇ ಶತಮಾನದ ಇಂಗ್ಲೆಂಡಿನಲ್ಲಿ ತಟ್ಟೆ, ಬಟ್ಟಲು, ಟೈಲ್ಸ್ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಕೈಯಲ್ಲೇ ಬರೆಯುತ್ತಿದ್ದರು. ಲಿವರ್‌ಪೂಲ್ ಪಟ್ಟಣದ ಮುದ್ರಕ ಜಾನ್ ಸ್ಯಾಡ್ಲರ್ ಮತ್ತು ಅವನ ಜೊತೆಗಾರ ಗೈ ಗ್ರೀನ್ ಬೇರೆ ದಾರಿ ಹುಡುಕಿದರು. 1756ರ ಜುಲೈ 27ರಂದು ತಾವಿಬ್ಬರೇ ಆರು ಗಂಟೆಯಲ್ಲಿ 1,200ಕ್ಕೂ ಹೆಚ್ಚು ಟೈಲ್ಸ್ ಮೇಲೆ ಚಿತ್ರ ಮುದ್ರಿಸಿದೆವೆಂದು ಪ್ರಮಾಣ ಮಾಡಿ ಬರೆದುಕೊಟ್ಟರು. ಅಷ್ಟು ಹೊತ್ತಿನಲ್ಲಿ ನೂರು ಮಂದಿ ನುರಿತ ಚಿತ್ರಗಾರರು ಕೂತರೂ ಇಷ್ಟು ಬರೆಯಲಾರರು ಎಂಬುದು ಅವರ ಮಾತು. ಈ ವಿಧಾನ ಕಂಡುಕೊಳ್ಳಲು ಏಳು ವರ್ಷಕ್ಕೂ ಹೆಚ್ಚು ಹಿಡಿಯಿತೆಂದೂ ಹೇಳಿದರು. ಪೇಟೆಂಟ್ ಪಡೆಯಲು ಸಿದ್ಧತೆ ಮಾಡಿಕೊಂಡಿದ್ದರೂ ಕೊನೆಗೆ ಪಡೆಯಲಿಲ್ಲ. ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡರು. ಹೆಸರಾಂತ ಉದ್ಯಮಿ ಜೋಸಾಯ ವೆಜ್‌ವುಡ್ ಕೂಡ ತನ್ನ ಪಾತ್ರೆಗಳನ್ನು ಮುದ್ರಣಕ್ಕೆಂದು ಇವರಲ್ಲಿಗೆ ಕಳಿಸುತ್ತಿದ್ದ.

ಮುಂದೆ ಸ್ಟ್ಯಾಫರ್ಡ್‌ಶೈರ್ ಪ್ರಾಂತ್ಯದಲ್ಲಿ ಇದು ದೊಡ್ಡ ಉದ್ಯಮವಾಯಿತು. ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ, ಗೆರೆಗಳಿಗೆ ಬಣ್ಣ ತುಂಬಿ, ತೆಳು ಕಾಗದಕ್ಕೆ ಅಚ್ಚೊತ್ತುತ್ತಿದ್ದರು. ಆ ಕಾಗದವನ್ನು ಪಾತ್ರೆಗೆ ಒತ್ತಿ ಉಜ್ಜಿ, ನೀರಿನಲ್ಲಿ ತೊಳೆದು ತೆಗೆದು, ಪಾತ್ರೆಯನ್ನು ಭಟ್ಟಿಯಲ್ಲಿ ಸುಡುತ್ತಿದ್ದರು. 1784ರ ಸುಮಾರಿಗೆ ಜೋಸಾಯ ಸ್ಪೋಡ್ ನೀಲಿ ಚಿತ್ರವನ್ನು ಗಾಜಿನಂಥ ಹೊಳಪು ಲೇಪದ ಅಡಿಯಲ್ಲೇ ಕೂರಿಸುವ ವಿಧಾನವನ್ನು ಪಳಗಿಸಿದ. ಹಾಗಾಗಿ ಎಷ್ಟು ತೊಳೆದರೂ ಚಿತ್ರ ಅಳಿಯುತ್ತಿರಲಿಲ್ಲ.

ಸಾಧಾರಣ ಮನೆಗಳಿಗೂ ಚಿತ್ರದ ತಟ್ಟೆ ಬಂತು. ಆದರೆ ಕುಂಚದವರ ಕೆಲಸ ಕುಗ್ಗಿತು. ಎಷ್ಟೋ ಕಡೆ ಮುದ್ರಿತ ಗೆರೆಗಳ ನಡುವೆ ಬಣ್ಣ ತುಂಬುವುದಷ್ಟೇ ಅವರ ಪಾಲಿಗೆ ಉಳಿಯಿತು. ಕಾಗದ ಕತ್ತರಿಸುವುದು, ಪಾತ್ರೆಗೆ ಅಂಟಿಸಿ ಉಜ್ಜುವುದು ಹೆಚ್ಚಾಗಿ ಹೆಂಗಸರು, ಹುಡುಗಿಯರ ಕೆಲಸವಾಯಿತು. ಪಾತ್ರೆಯ ಬೆನ್ನಿಗೆ ಕಾರ್ಖಾನೆಯ ಮುದ್ರೆ ಬಿತ್ತೇ ಹೊರತು ಇವರ ಹೆಸರಲ್ಲ.

ಭಟ್ಟಿಯಿಂದ ಮನೆಯ ಓವನ್‌ಗೆ

ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು. ನೀರಿನ ಪೈಪುಗಳಲ್ಲಿರುವ ಪಿವಿಸಿಯನ್ನೇ ಪುಡಿ ಮಾಡಿ, ಮೆದುಗೊಳಿಸುವ ದ್ರವ ಬೆರೆಸಿ ಇದನ್ನು ತಯಾರಿಸುತ್ತಾರೆ. ಜರ್ಮನಿಯ ಗೊಂಬೆ ತಯಾರಕಿ ಕೇಟೆ ಕ್ರೂಸೆಯ ಮಗಳು ಸೋಫಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಫಿಫಿ, ಇಂಥ ವಸ್ತುವನ್ನು ಕರಕುಶಲ ಕೆಲಸಕ್ಕೆ ಹದಗೊಳಿಸಿದಳು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಅದನ್ನು ಕೊಂಡಿತು. ಅದೇ ಫಿಮೋ ಎಂಬ ಹೆಸರಿನಲ್ಲಿ ಜಗತ್ತಿಗೆ ಹರಡಿತು.

ಜೆರಾಕ್ಸ್ ಮತ್ತು ಲೇಸರ್ ಪ್ರಿಂಟರ್‌ಗಳ ಟೋನರ್ ಕೂಡ ಪ್ಲಾಸ್ಟಿಕ್ ಪುಡಿಯೇ. ಕ್ಲೇಯಲ್ಲಿರುವ ದ್ರವ ಅದನ್ನು ಮೆತ್ತಗೆ ಮಾಡುವುದರಿಂದ ಚಿತ್ರ ಕಾಗದ ಬಿಟ್ಟು ಕ್ಲೇಗೆ ಹತ್ತುತ್ತದೆ. ಆಮೇಲೆ ಪ್ಯಾಕೆಟ್ ಮೇಲೆ ಬರೆದಿರುವ ಉಷ್ಣತೆಯಲ್ಲಿ, ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೇಯಿಸಬೇಕು. ಸೌದೆ ಒಲೆಗೆ ಹಾಕಬಾರದು. ಪಿವಿಸಿ ಸುಟ್ಟರೆ ವಿಷದ ಹೊಗೆ ಬರುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ತಾಮ್ರದಿಂದ ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಚಿತ್ರ ಎರಡು ಸಲ ತಿರುಗಿ ನೇರವಾಗುತ್ತಿತ್ತು. ಕ್ಲೇಯಲ್ಲಿ ತಿರುಗುವುದು ಒಂದೇ ಸಲ. ಹೆಸರು ಹಾಕಿಸುವುದಿದ್ದರೆ ಅಂಗಡಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ಕೇಳಬೇಕು.

ಚಿತ್ರ ಯಾರದು?

ಆ ಕಾಲದ ಕಾರ್ಖಾನೆಗಳು ಪುಸ್ತಕಗಳಲ್ಲಿದ್ದ ಕಲಾವಿದರ ಚಿತ್ರಗಳನ್ನು ಧಾರಾಳವಾಗಿ ನಕಲು ಮಾಡಿ ತಟ್ಟೆಗೆ ಹಾಕುತ್ತಿದ್ದವು. 1842ರಲ್ಲಿ ಬ್ರಿಟನ್ ವಿನ್ಯಾಸಗಳ ಹಕ್ಕಿಗೆ ಕಾನೂನು ತಂದ ಮೇಲೆ ಈ ರೂಢಿಗೆ ಕಡಿವಾಣ ಬಿತ್ತು. ಇಂದು ಮೊಬೈಲಿನಲ್ಲಿ ಸಿಕ್ಕ ಚಿತ್ರವನ್ನು ಕಿವಿಯೋಲೆಗೆ ಇಳಿಸಿ ಮಾರುವವರಿಗೂ ಅದೇ ಪ್ರಶ್ನೆ ಎದುರಾಗುತ್ತದೆ. ನಿಮ್ಮೂರಿನ ಹುಡುಗಿ ಬರೆದ ರಂಗೋಲಿಯಾದರೆ ಅವಳನ್ನು ಕೇಳಿ, ಅವಳ ಪಾಲು ಅವಳಿಗೆ ಕೊಡಿ.